ಒಂಬೈನೂರರ ಸೀರೆ, ಐದು ಸಾವಿರದ ಸೀರೆ: ಫರಕ್ ಎಲ್ಲಿದೆ?

ಓದುಗರ ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, ವಯಸ್ಸು 52. ಮಗಳ ಕುಬಸಕ್ಕೆಂದು (ಸೀಮಂತಕ್ಕೆಂದು) ಇಳಕಲ್‌ಗೇ ಹೋಗಿ ಕೈಮಗ್ಗದ ಹಸಿರು ಸೀರೆ ತಂದೆ. ಹತ್ತಿಯ ಒಡಲು, ರೇಷ್ಮೆ ಸೆರಗು. 5,200 ರೂಪಾಯಿ ಆಯಿತು. ಮುಂದಿನ ವಾರ ನಮ್ಮ ನಾದಿನಿ ಹುಬ್ಬಳ್ಳಿ ಪೇಟೆಯಿಂದ ನೋಡಲು ಹಾಗೇ ಇರುವ ಸೀರೆಯನ್ನು 900ಕ್ಕೆ ತಂದಳು. ಎರಡನ್ನೂ ಮಂಚದ ಮೇಲೆ ಹರವಿ, "ವೈನಿ, ಫರಕ್ ಏನೈತಿ ತೋರಸ್ರಿ" ಅಂದಳು. ನನಗೆ ತೋರಿಸಲು ಬರಲಿಲ್ಲ. ಮನೆಯವರೆಲ್ಲ ನಕ್ಕರು.

ಇನ್ನೊಂದು ವಿಷಯ. ನಾನು ಕಸೂತಿ ಹಾಕುತ್ತೇನೆ, ಅವ್ವನಿಂದ ಕಲಿತದ್ದು. ದಿನಕ್ಕೆ ಎರಡು ತಾಸು ಕೂತರೆ ಒಂದು ಸೀರೆಗೆ ತಿಂಗಳು ಹಿಡಿಯುತ್ತದೆ. ಪರಿಚಯದವರೊಬ್ಬರಿಗೆ ಹಾಕಿಕೊಟ್ಟು 2,500 ಕೇಳಿದರೆ "ದಾರಕ್ಕ ಇಷ್ಟ್ಯಾಕ್ರಿ?" ಅಂದರು. ಮಗ "ಮಷಿನ್‌ನಲ್ಲಿ ಹಾಕಿಸು, ಅರ್ಧ ದಿನದ ಕೆಲಸ" ಅನ್ನುತ್ತಾನೆ. ಕೈಯಿಂದ ಮಾಡಿದ್ದಕ್ಕೆ ಹೆಚ್ಚು ಬೆಲೆ ಅನ್ನುವುದು ಬರೀ ಭಾವುಕತೆಯೇ? ನಾನು ಕಸೂತಿಯನ್ನು ಮಾರಬೇಕೋ, ಮನೆಮಂದಿಗಷ್ಟೇ ಹಾಕಿಕೊಂಡು ಇರಬೇಕೋ? ಕೊನೆಯದಾಗಿ, ಸೆರಗಿನ ಕೆಂಪು ಬಣ್ಣ ಬಿಟ್ಟು ಒಡಲಿಗೆ ಹತ್ತುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಬಣ್ಣದ ವಿಚಾರ ಬಿಟ್ಟರೆ ಎರಡು ಪ್ರಶ್ನೆಗಳಿವೆ, ಎರಡರ ಬೇರೂ ಒಂದೇ. ಕೊಳ್ಳುವವರಾಗಿ "ನಾನು ಹೆಚ್ಚು ಕೊಟ್ಟು ಪೆದ್ದಿಯಾದೆನೇ?" ಎಂದು ಕೇಳುತ್ತಿದ್ದೀರಿ. ಮಾಡುವವರಾಗಿ "ನಾನು ಹೆಚ್ಚು ಕೇಳಿ ದುರಾಸೆಯವಳಾದೆನೇ?" ಎಂದು ಕೇಳುತ್ತಿದ್ದೀರಿ. ಉತ್ತರ ಕರ್ನಾಟಕದ ನೇಕಾರರ ಮನೆಗಳಲ್ಲಿ, ಕಸೂತಿ ಹಾಕುವ ಹೆಣ್ಣುಮಕ್ಕಳ ಗುಂಪುಗಳಲ್ಲಿ ಜವಳಿ ವಿನ್ಯಾಸದ ಕೆಲಸ ಮಾಡುತ್ತ ಬಂದ ನನಗೆ ಇವೆರಡೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು. ನೀವು ಪೆದ್ದಿಯೂ ಅಲ್ಲ, ದುರಾಸೆಯವರೂ ಅಲ್ಲ. ಆದರೆ ಅದನ್ನು ಇಷ್ಟಕ್ಕೇ ನಂಬಬೇಡಿ. ಮೊದಲು ನಿಮ್ಮ ಸೀರೆಯನ್ನೇ ಬಿಚ್ಚಿ ನೋಡೋಣ. ಅದು ನಿಜಕ್ಕೂ ಕೈಮಗ್ಗದ್ದೇ ಆಗಿದ್ದರೆ ಮಾತ್ರ ಮುಂದಿನ ಮಾತಿಗೆ ಅರ್ಥ.

ಎರಡೂ ಸೀರೆಗಳ ಸೆರಗನ್ನು ಬೆಳಕಿಗೆ ಹಿಡಿಯಿರಿ. ಇಳಕಲ್ ಸೆರಗಿನ ಕ್ರಮ ನಿಮಗೆ ಗೊತ್ತೇ ಇದೆ: ಕೆಂಪು, ಬಿಳಿ, ಕೆಂಪು, ಬಿಳಿ, ಕೆಂಪು. ನಡುವೆ ಹಣಿಗೆಯ ಹಲ್ಲಿನಂಥ, ಕೋಟೆಯ ತೆನೆಯಂಥ, ಜೋಳದ ತೆನೆಯಂಥ ವಿನ್ಯಾಸ. ಈ ಚಿತ್ತಾರವನ್ನು ಯಂತ್ರವೂ ನಕಲು ಮಾಡುತ್ತದೆ, ಆದ್ದರಿಂದ ಅದನ್ನು ನೋಡಿ ಪ್ರಯೋಜನವಿಲ್ಲ. ನೋಡಬೇಕಾದದ್ದು ಸೆರಗಿನ ತುದಿಯ ದಶಿಯನ್ನು, ಅಂದರೆ ನೇಯದೆ ಬಿಟ್ಟ ಬಿಡಿ ಎಳೆಗಳನ್ನು. ಸೀರೆಯ ಉದ್ದಕ್ಕೆ ಸಾಗುವ ಎಳೆಗಳು, ಅಂದರೆ ಹಾಸಿನ ಎಳೆಗಳು, ಅಲ್ಲಿ ಯಾವ ಬಣ್ಣದವು? ಸಾಂಪ್ರದಾಯಿಕ ಇಳಕಲ್‌ನಲ್ಲಿ ಒಡಲಿನ ಹಾಸನ್ನು ಬೇರೆ ಮಾಡುತ್ತಾರೆ, ಸೆರಗಿನ ಹಾಸನ್ನು ಬೇರೆ ಮಾಡುತ್ತಾರೆ. ಆಮೇಲೆ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುತ್ತಾರೆ. ತೋಪು ತೆನಿ ಎನ್ನುವುದು ಇದನ್ನೇ. ಹೀಗಾಗಿ ಒಡಲು ಹಸಿರಾಗಿದ್ದರೂ ದಶಿಯಲ್ಲಿ ಹಸಿರು ಹಾಸು ಕಾಣುವುದಿಲ್ಲ, ಸೆರಗಿನ ಹಾಸಿನ ರೇಷ್ಮೆ ಎಳೆಗಳೇ ಕಾಣುತ್ತವೆ. ಪೇಟೆಯ ಅಗ್ಗದ ಸೀರೆಗಳಲ್ಲಿ ಬಹುತೇಕ ಒಂದೇ ಹಾಸು ಈ ತುದಿಯಿಂದ ಆ ತುದಿಯವರೆಗೆ ಓಡುತ್ತದೆ, ಕೆಂಪು ಬರುವುದು ಅಡ್ಡ ಎಳೆಯಿಂದ ಮಾತ್ರ. ದಶಿಯಲ್ಲಿ ಒಡಲಿನ ಬಣ್ಣ ಇಣುಕುತ್ತಿದ್ದರೆ ಅಲ್ಲಿ ಜೋಡಣೆಯೇ ನಡೆದಿಲ್ಲ. ಒಡಲು ಮತ್ತು ಸೆರಗು ಕೂಡುವ ಗೆರೆಯ ಮೇಲೆ ಬೆರಳಾಡಿಸಿ. ಕುಣಿಕೆಗಳ ಸಣ್ಣ ಉಬ್ಬು ಕೈಗೆ ಸಿಗುತ್ತದೆ.

ಈ ಜೋಡಣೆಯಿಂದಾಗಿ ಒಂದೊಂದು ಸೀರೆಗೂ ಬೇರೆಯೇ ಹಾಸು ಮಾಡಬೇಕು. ಬೇರೆ ಕಡೆಗಳಲ್ಲಿ ಒಮ್ಮೆ ಉದ್ದನೆಯ ಹಾಸು ಏರಿಸಿದರೆ ಹಲವು ಸೀರೆಗಳನ್ನು ಸಾಲಾಗಿ ನೇಯಬಹುದು. ಇಲ್ಲಿ ಪ್ರತಿ ಸೀರೆಗೂ ಮೊದಲಿನಿಂದ ಶುರು. ನಿಮ್ಮ 5,200ರಲ್ಲಿ ಒಂದು ಪಾಲು ಹೋಗಿರುವುದು ಇದಕ್ಕೆ.

ಇನ್ನು ದಡಿ. ಹಳೆಯ ಕೊಂಡಿ ಕ್ರಮದಲ್ಲಿ ಮೂರು ಲಾಳಿ ಬಳಸುತ್ತಾರೆ: ಎಡದ ದಡಿಗೊಂದು, ಒಡಲಿಗೊಂದು, ಬಲದ ದಡಿಗೊಂದು. ಒಡಲಿನ ಹೊಕ್ಕು, ಅಂದರೆ ಅಡ್ಡ ಎಳೆ, ದಡಿಯ ಅಂಚಿಗೆ ಬಂದು ದಡಿಯ ಎಳೆಯ ಕೊಂಡಿ ಹಿಡಿದು ವಾಪಸಾಗುತ್ತದೆ, ಒಳಗೆ ನುಗ್ಗುವುದಿಲ್ಲ. ಅಂಥ ದಡಿಯ ಬಣ್ಣ ಗಟ್ಟಿಯಾಗಿ, ಶುದ್ಧವಾಗಿ ಇರುತ್ತದೆ. ಒಂದೇ ಲಾಳಿ ಅಂಚಿನಿಂದ ಅಂಚಿಗೆ ಓಡಿದರೆ ಕೆಂಪು ದಡಿಯಲ್ಲಿ ಒಡಲಿನ ಹಸಿರು ಬೆರೆತು ಬಣ್ಣ ಕಂದುತ್ತದೆ. ಆದರೆ ಒಂದು ಎಚ್ಚರಿಕೆ ಬೇಕು. ಇಂದು ಕೈಮಗ್ಗದಲ್ಲೂ ಅನೇಕರು ಒಂದೇ ಲಾಳಿಯಲ್ಲಿ ನೇಯುತ್ತಾರೆ, ಕೂಲಿ ಗಿಟ್ಟಬೇಕಲ್ಲ. ಆದ್ದರಿಂದ ಕೊಂಡಿ ಇದ್ದರೆ ಧೈರ್ಯವಾಗಿ ಕೈಮಗ್ಗ ಎನ್ನಬಹುದು. ಇಲ್ಲದಿದ್ದರೆ ಕೈಮಗ್ಗ ಅಲ್ಲ ಎಂದು ಹೇಳಲಾಗದು, ಆಗ ದಶಿಯ ಸಾಕ್ಷಿಯೇ ದೊಡ್ಡದು.

ರೇಷ್ಮೆಯ ಪರೀಕ್ಷೆಗೆ ದಶಿಯಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟಂತೆ ಉರಿದರೆ ಹತ್ತಿ ಅಥವಾ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ). ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ನಿಮ್ಮ ನಾದಿನಿಯ ಸೀರೆಯಲ್ಲೂ ಇದನ್ನು ಮಾಡಿ ನೋಡಿ, ಅವರ ಒಪ್ಪಿಗೆ ಕೇಳಿ.

ಈಗ ಜನ ಹೇಳುವ ಕೆಲವು ಗುರುತುಗಳನ್ನು ಬದಿಗಿಡೋಣ. "ನೇಯ್ಗೆ ಸ್ವಲ್ಪ ಏರುಪೇರಾಗಿದ್ದರೆ ಕೈಮಗ್ಗ" ಎನ್ನುತ್ತಾರೆ. ಹಾಳಾದ ಪವರ್‌ಲೂಮ್ ಕೂಡ ಏರುಪೇರಾಗಿ ನೇಯುತ್ತದೆ, ಪಳಗಿದ ನೇಕಾರ ಒಂದು ಎಳೆ ಹೆಚ್ಚು ಕಡಿಮೆ ಇಲ್ಲದಂತೆ ನೇಯುತ್ತಾನೆ. ದೋಷವನ್ನೇ ಕೈಗುಣವೆಂದು ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೇಕಾರ ಜೀವಮಾನವೆಲ್ಲ ಯಾವುದನ್ನು ತಪ್ಪಿಸಲು ದುಡಿದನೋ ಅದನ್ನೇ ಅವನ ಗುರುತು ಎಂದು ಹೇಳಿದ ಹಾಗಾಗುತ್ತದೆ. "ಅಂಚಿನಲ್ಲಿ ಸೂಜಿ ಚುಚ್ಚಿದ ತೂತು ಇದ್ದರೆ ಕೈಮಗ್ಗ" ಎನ್ನುವುದೂ ಪೂರ್ತಿ ನಿಜವಲ್ಲ. ಬಟ್ಟೆಯನ್ನು ಅಗಲಕ್ಕೆ ಬಿಗಿಹಿಡಿಯುವ ಮುಳ್ಳಿನ ಸಾಧನ ಪವರ್‌ಲೂಮ್‌ನಲ್ಲೂ ಇದೆ, ಅದೂ ಗುರುತು ಬಿಡುತ್ತದೆ.

"ಕೈಯಿಂದ ಮಾಡಿದ್ದು ಹೆಚ್ಚು ಬಾಳಿಕೆ ಬರುತ್ತದೆ" ಎಂಬ ಮಾತನ್ನು ನಾನು ಯಾವ ಗ್ರಾಹಕರಿಗೂ ಹೇಳುವುದಿಲ್ಲ. ಬಾಳಿಕೆ ನಿಂತಿರುವುದು ನೂಲಿನ ಗುಣ, ಅದರ ಕೌಂಟ್ (ನೂಲು ಎಷ್ಟು ಸಣ್ಣ ಎಂಬ ಲೆಕ್ಕ), ನೇಯ್ಗೆಯ ಒತ್ತು, ಒಗೆಯುವ ರೀತಿ ಇವುಗಳ ಮೇಲೆ. ನಾದಿನಿಯ ಸೀರೆ ಪಾಲಿಯೆಸ್ಟರ್ ಆಗಿದ್ದರೆ ಬಹುಶಃ ನಿಮ್ಮದಕ್ಕಿಂತ ಹೆಚ್ಚು ವರ್ಷ ಹರಿಯದೆ ಉಳಿದೀತು. "ಕೈಮಗ್ಗ ಎಂದರೆ ಪರಿಸರಕ್ಕೆ ಒಳ್ಳೆಯದು" ಎನ್ನುವುದೂ ಅರ್ಧ ಸತ್ಯ. ಮಗ್ಗಕ್ಕೆ ಕರೆಂಟ್ ಬೇಡ, ನಿಜ. ಆದರೆ ಬಣ್ಣ ಹಾಕಿದ ನೀರು ಎಲ್ಲಿಗೆ ಹೋಯಿತು ಎಂಬುದಕ್ಕೆ ಮಗ್ಗ ಉತ್ತರ ಕೊಡುವುದಿಲ್ಲ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: ಕೈಮಗ್ಗದ ಸೀರೆಯ ನೂಲು ಸಾಮಾನ್ಯವಾಗಿ ಗಿರಣಿಯದೇ. ನೂಲನ್ನೂ ಕೈಯಿಂದ ತೆಗೆದು, ಬಟ್ಟೆಯನ್ನೂ ಕೈಯಿಂದ ನೇಯ್ದರೆ ಅದು ಖಾದಿ. ನಿಮ್ಮ ಸೀರೆಯ ನೂಲು ಗಿರಣಿಯಿಂದ ಬಂದಿದ್ದರೆ ಅದರಲ್ಲಿ ಮೋಸವಿಲ್ಲ.

ಹಾಗಾದರೆ ಬಾಳಿಕೆಯೂ ಖಾತರಿಯಿಲ್ಲ, ನೋಟವೂ ಒಂದೇ ಎಂದಾದರೆ ಜನ ಯಾಕೆ ಹೆಚ್ಚು ಕೊಡುತ್ತಾರೆ? ನಿಮ್ಮ ಮುತ್ತಜ್ಜಿಯ ಕಾಲಕ್ಕೆ ಈ ಪ್ರಶ್ನೆಯೇ ಇರಲಿಲ್ಲ. ಊರಲ್ಲಿ ಸಿಗುತ್ತಿದ್ದ ಸೀರೆ, ಗಡಿಗೆ, ಚಾಪೆ ಎಲ್ಲವೂ ಕೈಯದೇ, ಆದ್ದರಿಂದ ಕೈಯದು ಎಂಬುದಕ್ಕೆ ಬೇರೆ ಬೆಲೆಯಿರಲಿಲ್ಲ. ಯಂತ್ರದ ಮಾಲು ಬಂದು ಪಕ್ಕದಲ್ಲಿ ಕೂತ ಮೇಲೆಯೇ ಮನುಷ್ಯ ಮಾಡಿದ್ದು ಎಂಬುದು ಬೇರೆಯಾಗಿ ಕಂಡಿತು. 1905ರ ಆಗಸ್ಟ್ 7ರಂದು ಕೋಲ್ಕತ್ತದಲ್ಲಿ ಸ್ವದೇಶಿ ಚಳವಳಿ ಶುರುವಾದಾಗ ಜನ ಮ್ಯಾಂಚೆಸ್ಟರ್‌ನ ನಯವಾದ, ಅಗ್ಗದ ಬಟ್ಟೆಯನ್ನು ಬಿಟ್ಟು ಒರಟು ಬಟ್ಟೆ ಉಟ್ಟರು. ಅವರಿಗೆ ಬಟ್ಟೆಯ ಗುಣಕ್ಕಿಂತ ಅದು ಯಾರ ಕೈಯಿಂದ ಬಂತು ಎಂಬುದು ಮುಖ್ಯವಾಗಿತ್ತು. 2015ರಿಂದ ಅದೇ ದಿನವನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸುತ್ತಿದ್ದೇವೆ.

ಇದರ ಮೇಲೆ ಸಂಶೋಧನೆಯೂ ನಡೆದಿದೆ. 2015ರಲ್ಲಿ ಫುಕ್ಸ್, ಶ್ರೈಯರ್ ಮತ್ತು ವಾನ್ ಓಸೆಲರ್ ಎಂಬ ಮೂವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೈಯಿಂದ ಮಾಡಿದ್ದು ಎಂದು ತಿಳಿದಾಗ ಜನ ಆ ವಸ್ತುವಿನಲ್ಲಿ ಮಾಡಿದವರ ಪ್ರೀತಿ ಸೇರಿದೆ ಎಂದು ಭಾವಿಸುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಅವರು ಕಂಡ ಇನ್ನೊಂದು ಅಂಶ. ತಮಗೆ ಬೇಕಾದವರಿಗೆ ಉಡುಗೊರೆ ಕೊಡುವಾಗ ಜನ ಕೈಯಿಂದ ಮಾಡಿದ್ದನ್ನು ಆರಿಸುತ್ತಾರೆ, ದೂರದ ಪರಿಚಯದವರಿಗೆ ಕೊಡುವಾಗ ಈ ಒಲವು ಕಾಣುವುದಿಲ್ಲ. ನೀವು ಇಳಕಲ್‌ವರೆಗೆ ಹೋದದ್ದು ಯಾರಿಗಾಗಿ? ಬಸುರಿ ಮಗಳ ಕುಬಸಕ್ಕಾಗಿ. ಯಾರದೋ ಮನೆಯ ಮದುವೆಗೆ ಮುಯ್ಯಿ ಮಾಡುವ ಸೀರೆಯಾಗಿದ್ದರೆ ನೀವೇ 900ರದನ್ನು ತರುತ್ತಿದ್ದಿರೇನೋ, ಅದರಲ್ಲಿ ತಪ್ಪೂ ಇಲ್ಲ. ಭಾವುಕತೆ ಎಂದು ನೀವು ನಾಚಿಕೊಳ್ಳುತ್ತಿರುವುದು ಉಡುಗೊರೆ ಎಂಬುದರ ತಿರುಳೇ. ನಾದಿನಿ ಎರಡು ಬಟ್ಟೆಗಳನ್ನು ಹೋಲಿಸಿದರು. ನೀವು ಕೊಂಡದ್ದು ಬಟ್ಟೆಯ ಜೊತೆಗೆ ಒಬ್ಬ ನೇಕಾರ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ಸುಮಾರು ಒಂದು ವಾರವನ್ನು, ಹಾಸು ಮಾಡಿ, ಕುಣಿಕೆ ಜೋಡಿಸಿ, ಕಂಡಿಕೆ ಸುತ್ತಿದ ಅವನ ಮನೆಯವರ ದುಡಿಮೆಯನ್ನು. ಅದು ಮಂಚದ ಮೇಲೆ ಹರವಿದಾಗ ಕಾಣುವುದಿಲ್ಲ. ನಿಮಗೆ ಹೇಳಲು ಬಾರದೆ ಹೋದದ್ದು ಅದನ್ನೇ.

ನಮ್ಮ ಪಕ್ಕದಲ್ಲೇ ಇದಕ್ಕೊಂದು ಉದಾಹರಣೆಯಿದೆ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ, ಕೈಯಿಂದ ನೂತು ನೇಯ್ದ ಬಟ್ಟೆಯಲ್ಲಿ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಕೊಟ್ಟರು. ಕಂಬದ ತುದಿಯಲ್ಲಿ ಹಾರುವಾಗ ಎರಡೂ ಒಂದೇ ತ್ರಿವರ್ಣ. ಪಾಲಿಯೆಸ್ಟರ್‌ನದು ಅಗ್ಗ, ಮಳೆಗೂ ಜಗ್ಗದು. ಆದರೂ ಆ ತಿದ್ದುಪಡಿ ಬಂದಾಗ ಈ ಭಾಗದಲ್ಲಿ ಅಷ್ಟು ಜನ ನೊಂದುಕೊಂಡರು, ಪ್ರತಿಭಟಿಸಿದರು. ನೂಲುವ, ನೇಯುವ, ಹೊಲಿಯುವ ಹೆಣ್ಣುಮಕ್ಕಳ ಅನ್ನದ ಪ್ರಶ್ನೆ ಅದರ ಹಿಂದೆ ಇತ್ತು. ಬಾವುಟ ಹೇಗೆ ಹುಟ್ಟಿತು ಎಂಬುದೂ ಬಾವುಟದ ಭಾಗ ಎಂಬ ನಂಬಿಕೆಯೂ ಇತ್ತು. ಇವೆರಡನ್ನು ಬಿಡಿಸಿ ನೋಡಲಾಗದು.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ನಾದಿನಿಯ ಸೀರೆ ಪಾಪದ ಸೀರೆಯಲ್ಲ. ಪವರ್‌ಲೂಮ್ ಓಡಿಸುವವರೂ ದುಡಿಯುವ ಜನ. ರಬಕವಿ-ಬನಹಟ್ಟಿಯಲ್ಲಿ, ಬೆಳಗಾವಿಯಲ್ಲಿ ಎಷ್ಟೋ ನೇಕಾರ ಮನೆತನಗಳು ಕೈಮಗ್ಗ ಬಿಟ್ಟು ಅದಕ್ಕೆ ಹೋದದ್ದು ಹೊಟ್ಟೆಪಾಡಿಗೆ. 900ರ ಸೀರೆಯನ್ನು 900ರ ಸೀರೆ ಎಂದೇ ಮಾರಿದರೆ ಯಾರಿಗೂ ಅನ್ಯಾಯವಿಲ್ಲ. ಅನ್ಯಾಯ ಆಗುವುದು ಅದನ್ನೇ ಕೈಮಗ್ಗವೆಂದು 3,000ಕ್ಕೆ ಮಾರಿದಾಗ. ಆಗ ಕೊಂಡವರಿಗೂ ಮೋಸ, ಮೂಲ ನೇಕಾರನಿಗೂ ಮೋಸ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕಷ್ಟೇ ಮೀಸಲಿಡುವ 1985ರ ಕಾಯ್ದೆ ಇದೆ, ಮೊದಲು 22 ಬಗೆ ಇದ್ದದ್ದು ಆಮೇಲೆ 11ಕ್ಕೆ ಇಳಿಯಿತು. ಪೇಟೆಯಲ್ಲಿ ಅದರ ಪಾಲನೆ ಹೇಗಿದೆ ಎಂಬುದನ್ನು ನೀವೇ ಕಂಡಿದ್ದೀರಿ. ಈ ನಕಲಿನಿಂದ ನೇಕಾರನ ಬೆಲೆ ಕುಸಿಯುತ್ತದೆ. 2019-20ರ ನಾಲ್ಕನೇ ಕೈಮಗ್ಗ ಗಣತಿ ದೇಶದಲ್ಲಿ 31 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕುಟುಂಬಗಳನ್ನು ಲೆಕ್ಕ ಹಾಕಿತು. ಅವುಗಳಲ್ಲಿ ಮೂರನೇ ಎರಡು ಭಾಗದಷ್ಟು ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ನೀವು ಒಂದು ಸೀರೆಗೆ ಕೊಟ್ಟ ಹಣಕ್ಕಿಂತ ಕಡಿಮೆ, ಇಡೀ ಮನೆಗೆ, ಇಡೀ ತಿಂಗಳಿಗೆ.

ಹಾಗೆಂದು ಕೊಳ್ಳುವುದನ್ನು ದಾನ ಎಂದುಕೊಳ್ಳಬೇಡಿ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದರು. ಕುಶಲಕರ್ಮಿಗೆ ಕನಿಕರ ಬೇಡ, ಒಳ್ಳೆಯ ಮಾಲು ಮತ್ತು ಅದಕ್ಕೊಂದು ಮಾರುಕಟ್ಟೆ ಬೇಕು ಎಂಬ ದಿಕ್ಕಿನಲ್ಲೇ ಅವರ ಕೆಲಸ ನಡೆಯಿತು. ಕನಿಕರದಿಂದ ಕೊಂಡವರು ಒಮ್ಮೆ ಕೊಳ್ಳುತ್ತಾರೆ. ಮೆಚ್ಚಿ ಕೊಂಡವರು ಮತ್ತೆ ಬರುತ್ತಾರೆ, ಸೀರೆ ಚೆನ್ನಾಗಿಲ್ಲದಿದ್ದರೆ ಬಾಯಿಬಿಟ್ಟು ಹೇಳುತ್ತಾರೆ, ಅದರಿಂದ ನೇಕಾರ ಬೆಳೆಯುತ್ತಾನೆ.

ಮುಂದಿನ ಸಲ ಕೊಳ್ಳುವಾಗ ನಿಮಗೆ ಹಲವು ದಾರಿಗಳಿವೆ. ನೇಕಾರರ ಮನೆಗೇ ಹೋಗಿ ಮಗ್ಗದ ಮೇಲಿರುವಾಗಲೇ ನೋಡಿ ಹೇಳಿಟ್ಟು ಬಂದರೆ ಅನುಮಾನಕ್ಕೆ ಜಾಗವೇ ಇಲ್ಲ, ಆದರೆ ಹೇಳಿದ ದಿನಕ್ಕೆ ಸಿಗದಿರಬಹುದು, ಮುಂಗಡ ಕೊಡಬೇಕಾಗುತ್ತದೆ. ಇಳಕಲ್‌ನ ಅಂಗಡಿಯಾದರೆ ಆಯ್ಕೆ ಹೆಚ್ಚು, ಆದರೆ ಊರು ಇಳಕಲ್ ಎಂದ ಮಾತ್ರಕ್ಕೆ ಸೀರೆಯೆಲ್ಲ ಕೈಮಗ್ಗದ್ದಲ್ಲ, ಎರಡೂ ಒಂದೇ ಕಪಾಟಿನಲ್ಲಿರುತ್ತವೆ. ಬಾಯಿಬಿಟ್ಟು ಕೇಳಿ, ಬಿಲ್ಲಿನಲ್ಲಿ "ಕೈಮಗ್ಗ" ಎಂದು ಬರೆಸಿ. ಬರೆಯಲು ಹಿಂಜರಿದರೆ ಉತ್ತರ ಸಿಕ್ಕಂತೆ. ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲಿ ಭರವಸೆ ಹೆಚ್ಚು, ಬಣ್ಣ-ವಿನ್ಯಾಸದ ಆಯ್ಕೆ ಕೆಲವೊಮ್ಮೆ ಕಡಿಮೆ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್, ರೇಷ್ಮೆಗೆ ಸಿಲ್ಕ್ ಮಾರ್ಕ್, ಇವೆರಡನ್ನೂ ನೋಡಿ. ಆದರೆ ಒಂದನ್ನು ಇನ್ನೊಂದೆಂದು ತಿಳಿಯಬೇಡಿ: ಸಿಲ್ಕ್ ಮಾರ್ಕ್ ರೇಷ್ಮೆ ಅಸಲಿ ಎಂದಷ್ಟೇ ಹೇಳುತ್ತದೆ, ನೇಯ್ದದ್ದು ಕೈಯೋ ಯಂತ್ರವೋ ಹೇಳುವುದಿಲ್ಲ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ದಶಿಯ ಮತ್ತು ಸೆರಗು ಕೂಡುವ ಗೆರೆಯ ಹತ್ತಿರದ ಫೋಟೊ ಕೇಳಿ. ಅಸಲಿ ಮಾಲು ಇರುವವರು ಸಂತೋಷದಿಂದ ಕಳಿಸುತ್ತಾರೆ.

ಈಗ ನಿಮ್ಮ ಕಸೂತಿ. ನನಗೆ ನಿಮ್ಮ ಪತ್ರದಲ್ಲಿ ಮನಸ್ಸಿಗೆ ತಟ್ಟಿದ್ದು "ದಾರಕ್ಕ ಇಷ್ಟ್ಯಾಕ್ರಿ?" ಎಂಬ ಮಾತು. ಅವರು ಕೆಟ್ಟವರೆಂದು ನಾನು ತಿಳಿಯುವುದಿಲ್ಲ. ಅವರ ಕಣ್ಣಿಗೆ ಬಿದ್ದದ್ದು ದಾರ ಮಾತ್ರ, ಏಕೆಂದರೆ ಅವರ ಮುಂದೆ ಇದ್ದದ್ದು ಅದೊಂದೇ.

ನೀವೇ ಲೆಕ್ಕ ಹಾಕಿ. ದಿನಕ್ಕೆ ಎರಡು ತಾಸಿನಂತೆ ತಿಂಗಳಿಗೆ 60 ತಾಸು. ದಾರಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೆ 2,500ರಲ್ಲಿ ಉಳಿಯುವುದು 2,200. ತಾಸಿಗೆ 37 ರೂಪಾಯಿಯೂ ಬೀಳುವುದಿಲ್ಲ. ನಿಮ್ಮೂರಲ್ಲಿ ಹೊಲದ ಕೆಲಸದ ಹೆಣ್ಣಾಳಿನ ದಿನಗೂಲಿಯನ್ನು ತಾಸಿಗೆ ಇಳಿಸಿ ಇದರ ಪಕ್ಕದಲ್ಲಿಡಿ. ನೀವು ಹೆಚ್ಚು ಕೇಳಿಲ್ಲ.

ಆದರೆ ಇಲ್ಲೊಂದು ಅಪಾಯವೂ ಇದೆ, ಅದನ್ನು ಮುಚ್ಚಿಡಲಾರೆ. ಮಾಡಿದವರಿಗೆ ತಾವು ಮಾಡಿದ್ದರ ಬೆಲೆ ಯಾವಾಗಲೂ ಹೆಚ್ಚಾಗಿಯೇ ಕಾಣುತ್ತದೆ. ನಾರ್ಟನ್, ಮೊಕಾನ್, ಏರಿಯಲಿ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಂದ ಕಾಗದದ ಕೊಕ್ಕರೆ, ಕಪ್ಪೆ ಮಡಚಿಸಿ ಅದಕ್ಕೆ ಬೆಲೆ ಕಟ್ಟಿಸಿದರು. ಮಡಚಿದವರು ಸರಾಸರಿ 23 ಸೆಂಟ್ ಕೊಡಲು ಸಿದ್ಧರಿದ್ದರು, ಅದನ್ನೇ ನೋಡಿದ ಬೇರೆಯವರು 5 ಸೆಂಟ್. ನುರಿತವರು ಮಡಚಿದ್ದಕ್ಕೆ ಜನ ಕಟ್ಟಿದ್ದು 27 ಸೆಂಟ್, ಅಂದರೆ ಹೊಸಬರು ತಮ್ಮ ಕೈಗೆಲಸವನ್ನು ನುರಿತವರದರ ಹತ್ತಿರಕ್ಕೇ ಎಣಿಸಿದ್ದರು. ಅದೇ ಅಧ್ಯಯನದ ಇನ್ನೊಂದು ಪ್ರಯೋಗದಲ್ಲಿ, ಕೆಲಸ ಅರ್ಧಕ್ಕೆ ನಿಂತಾಗ ಆ ಮೋಹ ಕಾಣಲಿಲ್ಲ. ನಾವು ಮಾಡುವುದನ್ನು ಯಾಕೆ ಪ್ರೀತಿಸುತ್ತೇವೆ ಎಂಬುದಕ್ಕೆ ಇದು ಒಳ್ಳೆಯ ಉತ್ತರ: ಮಾಡಿ ಮುಗಿಸಿದ ಕೆಲಸದಲ್ಲಿ ನಮ್ಮ ಕೈಲಾದದ್ದನ್ನು ನಾವೇ ಕಾಣುತ್ತೇವೆ. ಆದರೆ ಆ ಸಂತೋಷವನ್ನು ಗಿರಾಕಿಯಿಂದ ವಸೂಲು ಮಾಡಲು ಬರುವುದಿಲ್ಲ. ಅದು ನಿಮಗೆ ಆಗಲೇ ಸಿಕ್ಕಿದೆ. ಗಿರಾಕಿಗೆ ಹೇಳಬೇಕಾದದ್ದು ತಾಸುಗಳ ಲೆಕ್ಕ ಮತ್ತು ಕೆಲಸದ ಗುಣ.

ಗುಣವನ್ನು ತೋರಿಸುವುದು ಕಸೂತಿಯಲ್ಲಿ ಸುಲಭ. ಬಟ್ಟೆಯನ್ನು ತಿರುಗಿಸಿ. ಗವಂತಿ ಹೊಲಿಗೆ ಎರಡೂ ಮಗ್ಗುಲಿಗೆ ಒಂದೇ ತೆರನಾಗಿ ಕಾಣುತ್ತದೆ, ಗಂಟಿಲ್ಲ. ಎಳೆ ಎಣಿಸಿ, ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗಿ, ಬಂದ ದಾರಿಯಲ್ಲೇ ಬಿಟ್ಟ ಜಾಗಗಳನ್ನು ತುಂಬುತ್ತ ಮೊದಲಿನ ಬಿಂದುವಿಗೆ ಮರಳಬೇಕು. ಗೋಪುರವೋ ತೇರೋ ಆದರೆ ಸೂಜಿ ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ಬರಬೇಕೆಂಬುದು ಮೊದಲೇ ತಲೆಯಲ್ಲಿರಬೇಕು. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಹಾಕುವುದಿಲ್ಲ. ಒಂದು ಎಳೆ ತಪ್ಪಿ ಎಣಿಸಿದರೆ ನಾಲ್ಕು ಬೆರಳು ಮುಂದೆ ಹೋದ ಮೇಲೆ ಗೋಪುರ ವಾರೆಯಾಗುತ್ತದೆ, ಬಿಚ್ಚಬೇಕು. ಮಷಿನ್ ಕೆಲಸದ ಹಿಮ್ಮಗ್ಗುಲಲ್ಲಿ ಕೆಳದಾರದ ಬೇರೆ ಎಳೆ, ದಾರದ ತುಂಡುಗಳು ಕಾಣುತ್ತವೆ. ಗಿರಾಕಿ ಬಂದಾಗ ಮೊದಲು ಹಿಮ್ಮಗ್ಗುಲು ತೋರಿಸಿ, ಬೆಲೆ ಆಮೇಲೆ ಹೇಳಿ.

ಮಾರಬೇಕೋ ಬೇಡವೋ? ಮನೆಮಂದಿಗಷ್ಟೇ ಹಾಕಿಕೊಂಡರೆ ಮನಸ್ಸು ಹಗುರ, ಅವಸರವಿಲ್ಲ. ಆದರೆ "ಅಕ್ಕಾ, ನನಗೊಂದು ಹಾಕಿಕೊಡು" ಎನ್ನುವವರು ಹೆಚ್ಚಾಗುತ್ತಾರೆ, ಇಲ್ಲ ಎನ್ನಲಾಗದೆ ನೀವೇ ಸವೆಯುತ್ತೀರಿ. ಆರ್ಡರ್ ತೆಗೆದುಕೊಂಡರೆ ತಾಸಿಗೊಂದು ದರ ಇಟ್ಟುಕೊಳ್ಳಿ. ಉದಾಹರಣೆಗೆ 75 ಎಂದರೆ ಪೂರ್ತಿ ಸೀರೆಗೆ ದಾರ ಸೇರಿ 4,800 ಆಗುತ್ತದೆ. ಆ ಬೆಲೆಗೆ ನಿಮ್ಮೂರಲ್ಲಿ ಗಿರಾಕಿಗಳು ಬೆರಳೆಣಿಕೆಯಷ್ಟೇ ಸಿಗಬಹುದು. ಅದಕ್ಕೆ ದರ ಇಳಿಸಬೇಡಿ, ಕೆಲಸ ಇಳಿಸಿ. ಸೆರಗಿನ ಅಂಚಿಗೆ ಒಂದು ಸಾಲು, ರವಿಕೆಯ ತೋಳು, ಬೆನ್ನಿಗೊಂದು ತುಳಸಿಕಟ್ಟೆ ಹೀಗೆ 15 ತಾಸಿನ ಕೆಲಸವಾದರೆ ದಾರ ಸೇರಿ 1,225ಕ್ಕೆ ಕೊಡಬಹುದು, ನಿಮಗೂ ನಷ್ಟವಿಲ್ಲ. ಅರ್ಧ ಹಣ ಮುಂಗಡ, ಪರಿಚಯದವರಿಗೂ. ಒಂದೇ ಸಲ ಎರಡಕ್ಕಿಂತ ಹೆಚ್ಚು ಆರ್ಡರ್ ಒಪ್ಪಿಕೊಳ್ಳಬೇಡಿ. ಎಳೆ ಎಣಿಸುವ ಕೆಲಸದಲ್ಲಿ ಕಣ್ಣು ಮತ್ತು ಕುತ್ತಿಗೆ ಬೇಗ ಸೋಲುತ್ತವೆ. ಹಗಲಿನ ಬೆಳಕಲ್ಲೇ ಕೂತು, ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಿ. ಕನ್ನಡಕದ ನಂಬರ್ ಈಗಲೇ ಪರೀಕ್ಷಿಸಿಕೊಳ್ಳಿ.

ನಾಲ್ಕಾರು ಜನ ಗುಂಪಾಗುವುದು ಇನ್ನೊಂದು ದಾರಿ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಹೊರಗಿನ ಮಾರುಕಟ್ಟೆ ಸಿಕ್ಕಿದ್ದು, ಸಾಗರದ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳಾ ಸಂಘದ ಬಟ್ಟೆ ನಾಡಿನಾದ್ಯಂತ ಹೆಸರಾದದ್ದು ಹೀಗೆ ಕೂಡಿ ದುಡಿದದ್ದರಿಂದ. ಗುಂಪಿನಲ್ಲಿ ದೊಡ್ಡ ಆರ್ಡರ್ ಹಿಡಿಯಬಹುದು. ಆದರೆ ಹತ್ತು ಕೈಗಳ ಹೊಲಿಗೆ ಒಂದೇ ಗುಣದಲ್ಲಿರಬೇಕು, ಲೆಕ್ಕ ಬಾಯಿಮಾತಿನಲ್ಲಿರಬಾರದು. ಗುಂಪುಗಳು ಒಡೆಯುವುದು ಹೆಚ್ಚಾಗಿ ಲೆಕ್ಕದ ಪುಸ್ತಕ ಇಲ್ಲದ್ದರಿಂದಲೇ. ಸರ್ಕಾರಿ ಯೋಜನೆಗಳ ಬಗ್ಗೆ ಒಂದು ಸೂಚನೆ: 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸ ಇದೆ, ಕಸೂತಿ ಇಲ್ಲ. ಕೊಡಿಸುತ್ತೇನೆಂದು ಹಣ ಕೇಳುವವರನ್ನು ನಂಬಬೇಡಿ. ನಿಮಗೆ ಹೊಂದುವುದು ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ "ಪೆಹಚಾನ್" ಗುರುತಿನ ಚೀಟಿ. ಮೇಳಗಳಲ್ಲಿ ಮಳಿಗೆ ಕೇಳುವಾಗ ಅದು ಕೆಲಸಕ್ಕೆ ಬರುತ್ತದೆ.

ಮಗ ಹೇಳುವ ಮಷಿನ್ ಕೆಲಸವನ್ನೂ ನಾನು ಬೇಡ ಎನ್ನುವುದಿಲ್ಲ. ಅದೂ ಒಂದು ವ್ಯಾಪಾರ, ಬೇಗ ದುಡ್ಡು ಬರುತ್ತದೆ. ಆದರೆ ಅಲ್ಲಿ ನಿಮ್ಮ ಎದುರಾಳಿ ಸೂರತ್‌ನ ಕಾರ್ಖಾನೆ, ಬೆಲೆಯಲ್ಲಿ ನೀವು ಗೆಲ್ಲಲಾರಿರಿ. ಎರಡನ್ನೂ ಮಾಡುವುದಾದರೆ ಎರಡಕ್ಕೂ ಬೇರೆ ಬೇರೆ ಚೀಟಿ ಅಂಟಿಸಿ. ಒಮ್ಮೆ ಮಷಿನ್ ಕೆಲಸ ಕೈಕೆಲಸದ ಹೆಸರಿನಲ್ಲಿ ಹೋಯಿತೆಂದು ಗೊತ್ತಾದರೆ, ನಿಮ್ಮ ಅಸಲಿ ಗವಂತಿಯನ್ನೂ ಯಾರೂ ತಿರುಗಿಸಿ ನೋಡುವುದಿಲ್ಲ.

ಕೊನೆಯದು ಸೆರಗಿನ ಬಣ್ಣ. ಬಿಳಿ ಹತ್ತಿ ಬಟ್ಟೆಯ ತುಂಡನ್ನು ತಣ್ಣೀರಲ್ಲಿ ಅದ್ದಿ ಹಿಂಡಿ, ಸೆರಗಿನ ಕೆಂಪು ಭಾಗದ ಒಳಮಗ್ಗುಲಿಗೆ ಐದು ನಿಮಿಷ ಒತ್ತಿ ಹಿಡಿಯಿರಿ. ಬಿಳಿಯಾಗಿಯೇ ಉಳಿದರೆ ತಣ್ಣೀರು, ಮೃದು ಸೋಪಿನಲ್ಲಿ ಮನೆಯಲ್ಲೇ ಒಗೆಯಬಹುದು. ನೆನೆಹಾಕಬೇಡಿ, ಹಿಂಡಬೇಡಿ, ನೆರಳಲ್ಲಿ ಒಣಗಿಸಿ. ಕೆಂಪು ಹತ್ತಿದರೆ ಮೊದಲ ಕೆಲವು ಸಲ ಡ್ರೈಕ್ಲೀನ್‌ಗೇ ಕೊಡಿ, ಮತ್ತು ಬಿಳಿ ಭಾಗ ಕೆಂಪಿನ ಮೇಲೆ ಬೀಳದಂತೆ ನಡುವೆ ಹಳೆಯ ಪಂಚೆಯ ತುಂಡಿಟ್ಟು ಮಡಚಿ. ಈ ಸೀರೆಗೇ ಕಸೂತಿ ಹಾಕುವ ಮನಸ್ಸಿದ್ದರೆ ನಿಮ್ಮ ದಾರಗಳನ್ನೂ ಇದೇ ಪರೀಕ್ಷೆಗೆ ಒಡ್ಡಿ, ಹೊಲಿಯುವ ಮೊದಲೇ.